ಮೂರನೇ ತಂತಿ

ಮಾರ್ಚ್ 4

ಗುಂಡ,

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ, ಏನು ಅನಾಹುತವಾಯಿತೋ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಇಟ್ಟ ಮೇಲೆ ನಿನ್ನ ಭಾವ ಏನು ಸಮಾಚಾರ ಎಂದು ಕೇಳಿದರೆ ನನಗೇ ಗೊತ್ತಿರುವುದಿಲ್ಲ. ಈಗ ಕೇಳಬೇಕಾದ ವಿಷಯಕ್ಕೆ ನೀನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು, ಅದು ಕಾಗದದಲ್ಲಿ ಮಾತ್ರ ಸಾಧ್ಯ.

ನಮ್ಮ ಕಾರ್ಖಾನೆಗೆ ದೊಡ್ಡ ಕೆಲಸ ಬಂದಿದೆ. ಕಾರ್ಖಾನೆ ಅಂದರೆ ಅದೇ, ಮನೆಯ ಕೆಳಗಿನ ಎರಡು ಕೋಣೆ. ಒಂದರಲ್ಲಿ ನಿನ್ನ ಭಾವ ಕುರ್ಚಿಯ ಮೂಳೆ ಕೂಡಿಸುತ್ತಾರೆ, ಇನ್ನೊಂದರಲ್ಲಿ ನಾನು ಅದಕ್ಕೆ ಮಾಂಸ ತುಂಬಿ ಚರ್ಮ ಹೊದಿಸುತ್ತೇನೆ. ಈ ಸಲ ನದಿಯ ಪಕ್ಕದ ಡ್ಯಾನ್ಸ್ ಹಾಲಿನ ಕುರ್ಚಿಗಳು ಬಂದಿವೆ. ಅಲ್ಲಿ ಶನಿವಾರ ಸಂಜೆ ಒಂದು ಜಾಝ್ ಬ್ಯಾಂಡ್ ನುಡಿಸುತ್ತದೆ, ಜನ ಜೋಡಿಯಾಗಿ ಕುಣಿಯುತ್ತಾರೆ. ಅವರ ಗಿಟಾರ್ ವಾದಕರು ಮಗಳ ಊರಿಗೆ ಹೊರಟುಹೋಗಿದ್ದಾರೆ. ಗಿಟಾರ್ ಬ್ಯಾಂಡಿನದೇ ಆದ್ದರಿಂದ ಇಲ್ಲೇ ಉಳಿದಿದೆ. ಉಬ್ಬಿದ ಹೊಟ್ಟೆ, ಇಬ್ಬದಿಯಲ್ಲೂ ಉದ್ದನೆಯ ಸೀಳು, ಪಿಟೀಲಿನ ದೊಡ್ಡಣ್ಣನ ಹಾಗಿದೆ.

ವಿಷಯ ಏನೆಂದರೆ, ನನ್ನ ಗಿರಾಕಿಯೊಬ್ಬರು ಆ ಖಾಲಿ ಜಾಗಕ್ಕೆ ಆಸೆಪಟ್ಟಿದ್ದಾರೆ. ವಯಸ್ಸಾದ ಹೆಂಗಸು. ಚಿಕ್ಕಂದಿನಲ್ಲಿ ಸ್ವಲ್ಪ ಗಿಟಾರ್ ಮುಟ್ಟಿದ್ದರಂತೆ. ಬ್ಯಾಂಡ್ ನಡೆಸುವ ಪಿಯಾನೋದವರು ಗಿಟಾರನ್ನು ಅವರ ಕೈಗೇ ಕೊಟ್ಟು, ತಂತಿ ಬದಲಾಯಿಸಿಕೊಂಡು ಅಭ್ಯಾಸ ಮಾಡಿ, ಮೇ ತಿಂಗಳ ಕೊನೇ ಶನಿವಾರ ನಮ್ಮ ಜೊತೆ ನುಡಿಸಿ ತೋರಿಸಿ, ಆಮೇಲೆ ನೋಡೋಣ ಎಂದಿದ್ದಾರೆ. ಇರುವ ತಂತಿಗಳು ತುಕ್ಕು ಹಿಡಿದು ಮುಟ್ಟಿದರೆ ಕೈ ಕೆಂಪಾಗುತ್ತದೆ.

ನೀನು ತಂತಿಗಳ ಮಧ್ಯೆಯೇ ಬದುಕುವವನು. ಜಾಝ್ ಗಿಟಾರಿಗೆ ಯಾವುದು ಸರಿ, ನೀನೇ ಆರಿಸಿ ಕಳಿಸು. ಗಿರಾಕಿ ಬಹಳ ನಾಚಿಕೆ ಸ್ವಭಾವದವರು, ಯಾರು ಏನು ಎಂದು ಕೆದಕಬೇಡ.

ನಿನ್ನ ಅಕ್ಕ


ಮಾರ್ಚ್ 13

ಅಕ್ಕಾ,

ನಿನ್ನ ಅಕ್ಷರ ನೋಡಿ ನಿಜಕ್ಕೂ ಜೀವ ಬಾಯಿಗೆ ಬಂದಿತ್ತು. ಓದಿದ ಮೇಲೆ ಆಶ್ಚರ್ಯವಾದದ್ದು ಒಂದಕ್ಕೇ: ನಾಚಿಕೆ ಸ್ವಭಾವದವರೂ ನಿನ್ನ ಗಿರಾಕಿಗಳಾಗಿ ಉಳಿದಿದ್ದಾರಾ? ನಿನ್ನ ಎದುರು ಅವರಿಗೆ ಬಾಯಿ ತೆರೆಯಲು ಸಂದು ಸಿಗುವುದು ಯಾವಾಗ?

ತಂತಿ ಆರಿಸುವುದೆಂದರೆ ಚಪ್ಪಲಿ ಆರಿಸಿದ ಹಾಗೆ, ಕಾಲು ನೋಡದೆ ಹೇಳುವುದು ಕಷ್ಟ. ನನ್ನ ಅಂಗಡಿಯ ಒಂದು ಗೋಡೆ ಪೂರ್ತಿ ತಂತಿಯ ಪೊಟ್ಟಣಗಳೇ. ಬಂದವರು ಅದರ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ, ನಾನು ಅವರ ಕೈ ನೋಡುತ್ತೇನೆ. ಈಗ ಗಿಟಾರೂ ಕಂಡಿಲ್ಲ, ಕೈಯೂ ಕಂಡಿಲ್ಲ. ಆದರೂ ವಯಸ್ಸಾದ ಹೆಂಗಸು, ಇಷ್ಟು ವರ್ಷದ ಮೇಲೆ ಮತ್ತೆ ಶುರು ಮಾಡುತ್ತಿರುವವರು ಎಂದ ಮೇಲೆ ಹೆಚ್ಚು ಯೋಚಿಸುವಂಥದ್ದೇನಿಲ್ಲ. ತೆಳ್ಳನೆಯ ತಂತಿ ಹಾಕಬೇಕು. ಸದ್ದು ಕಡಿಮೆಯಾದರೆ ಆಗಲಿ, ಈಗ ಸದ್ದು ಹೆಚ್ಚಿಸುವ ಪೆಟ್ಟಿಗೆ ಇಲ್ಲದ ಬ್ಯಾಂಡ್ ಎಲ್ಲಿದೆ?

ಇದರ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ದಪ್ಪ ತಂತಿಗಳ ಮೇಲೆ ಸಣ್ಣ ಲೋಹದ ಎಳೆ ಸುತ್ತಿರುತ್ತದೆ, ತೆಳ್ಳಗಿನವು ಬೋಳು. ಇದರಲ್ಲಿ ಮೂರನೆಯದು ಕೂಡ ಬೋಳು. ಬೆರಳಿಗೆ ಹಗುರ ಎಂದೇ ಇದನ್ನು ಆರಿಸಿದೆ.

ಅಪ್ಪ ತಂದ ನಮ್ಮ ಹಳೇ ಗಿಟಾರ್ ಅಂಗಡಿಯ ಗೋಡೆಯ ಮೇಲೆ ಹಾಗೇ ಇದೆ. ಧೂಳು ಹೊಡೆಯುವುದು ಬಿಟ್ಟರೆ ನಾನದನ್ನು ಮುಟ್ಟುವುದೇ ಇಲ್ಲ. ತಂತಿ ಮಾರುವವನಿಗೆ ನುಡಿಸಲು ಪುರುಸೊತ್ತೆಲ್ಲಿ? ಭಾವನವರನ್ನು ಕೇಳಿದೆನೆಂದು ಹೇಳು.

ಗುಂಡ


ಮಾರ್ಚ್ 29

ಗುಂಡ,

ತಂತಿ ಬಂದ ದಿನ ನಿನ್ನ ಭಾವನೇ ಬಿರಡೆ ತಿರುಗಿಸಿ ಕಟ್ಟಿದರು. ನೋಡಲು ಬಲು ಚೆಂದ. ಆದರೆ ಏನೋ ಎಡವಟ್ಟಾಗಿದೆ.

ತಂತಿಯನ್ನು ಖಾಲಿ ಬಿಟ್ಟು ಮೀಟಿದರೆ ಶ್ರುತಿ ಸರಿಯಾಗಿದೆ. ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲುಗಳ ಮೇಲೆ ಬೆರಳಿಟ್ಟು ಮೇಲಕ್ಕೆ ಹೋದ ಹಾಗೆಲ್ಲ ಮೂರನೇ ತಂತಿ ಒಂದೇ ಏರುತ್ತಾ ಹೋಗುತ್ತದೆ. ಉಳಿದ ಐದೂ ಒಂದು ಮಾತಾಡುತ್ತಿದ್ದರೆ ಅದೊಂದು ಎದ್ದು ನಿಂತು ಅಲ್ಲ ಅಲ್ಲ ಎನ್ನುತ್ತದೆ. ಬಿರಡೆ ಇಳಿಸಿದರೆ ಕೆಳಗೆ ಅಪಶ್ರುತಿ, ಏರಿಸಿದರೆ ಮೇಲೆ. ಕಳೆದ ವಾರ ಡ್ಯಾನ್ಸ್ ಹಾಲಿನಲ್ಲಿ ಒಂದು ಸಣ್ಣ ಅಭ್ಯಾಸವಿತ್ತು. ಪಿಯಾನೋದವರು ಒಳ್ಳೆಯ ಮನುಷ್ಯ, ಪರವಾಗಿಲ್ಲ ಮುಂದುವರಿಸಿ ಎಂದರು. ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಾಯಿತು.

ಗಿರಾಕಿ ಬಹಳ ಇಳಿದುಹೋಗಿದ್ದಾರೆ. ವಯಸ್ಸಾಗಿ ಕಿವಿಯೇ ಕೆಟ್ಟಿತೇನೋ, ಇಷ್ಟು ದಿನ ಸರಿ ಎಂದುಕೊಂಡದ್ದೆಲ್ಲ ತಪ್ಪೇನೋ ಎನ್ನುವ ಯೋಚನೆ ಅವರಿಗೆ. ನಿನ್ನ ಭಾವ, ತಂತಿಗಳು ಹತ್ತಿ ಕೂರುವ ಮರದ ಕುದುರೆ ಇದೆಯಲ್ಲ, ಅದನ್ನು ಅರದಿಂದ ಒಂದು ಚೂರು ತೀಡಿದರೆ ಸರಿಹೋದೀತು ಎಂದು ಗಿಟಾರಿನ ಸುತ್ತ ಸುಳಿದಾಡುತ್ತಿದ್ದಾರೆ. ನಾನು ಅರವನ್ನು ಬಚ್ಚಿಟ್ಟಿದ್ದೇನೆ.

ಬೇಗ ಏನಾದರೂ ಹೇಳು. ಕುರ್ಚಿ ಹೊಲಿಯುತ್ತಾ ಇದೇ ಯೋಚನೆ ಮಾಡಿ ನಿನ್ನೆ ಹೆಬ್ಬೆರಳಿಗೇ ಸೂಜಿ ಚುಚ್ಚಿಕೊಂಡೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ಮೊದಲನೆಯದಾಗಿ, ಭಾವನವರ ಕೈಗೆ ಅರ ಸಿಗದ ಹಾಗೆ ನೋಡಿಕೋ. ಕುರ್ಚಿಯ ಕಾಲಿನ ವಿಷಯದಲ್ಲಿ ಅವರು ದೇವರು, ಗಿಟಾರಿನ ಕುದುರೆಯ ವಿಷಯದಲ್ಲಿ ಸಾಕ್ಷಾತ್ ಯಮ.

ಎರಡನೆಯದಾಗಿ, ನಿನ್ನ ಗಿರಾಕಿ ಬೆರಳನ್ನು ಅಳತೆಗಿಂತ ಬಲವಾಗಿ ಒತ್ತುತ್ತಿದ್ದಾರೆ. ಭಯಪಟ್ಟವರೆಲ್ಲ ಹಾಗೇ ಮಾಡುವುದು. ಒತ್ತಿದಷ್ಟೂ ತಂತಿ ಬಿಗಿಯುತ್ತದೆ, ಬಿಗಿದಷ್ಟೂ ಶ್ರುತಿ ಏರುತ್ತದೆ. ಅದಕ್ಕೇ ನನ್ನಲ್ಲಿರುವ ಅತ್ಯಂತ ತೆಳ್ಳನೆಯ ತಂತಿಗಳನ್ನು ಕಳಿಸುತ್ತಿದ್ದೇನೆ. ಕೂದಲೆಳೆಯೇ ಅನ್ನು. ಸುಮ್ಮನೆ ಬೆರಳು ತಾಗಿಸಿದರೆ ಸಾಕು.

ಇನ್ನೊಂದು ಮಾತು. ಆ ಹೆಂಗಸಿಗೆ ಮೆಲ್ಲಗೆ ಹೇಳು, ಬೆರಳು ನೋಯಿಸಿಕೊಂಡು ಒದ್ದಾಡುವ ಅಗತ್ಯವಿಲ್ಲ ಎಂದು. ಗಿಟಾರೇ ಆಗಬೇಕೆಂದು ಯಾರು ಹೇಳಿದರು? ಮೌತ್ ಆರ್ಗನ್ ಇದೆ, ಅದು ಸುಲಭ, ಚೀಲದಲ್ಲಿಟ್ಟುಕೊಂಡು ಓಡಾಡಬಹುದು. ಬೇಕಾದರೆ ಒಂದು ಒಳ್ಳೆಯದನ್ನು ನಾನೇ ಆರಿಸಿ ಕಳಿಸುತ್ತೇನೆ. ಈ ವಯಸ್ಸಿನಲ್ಲಿ ಸಂಗೀತ ಸಂತೋಷಕ್ಕಿರಬೇಕು, ಕಣ್ಣೀರಿಗಲ್ಲ.

ಗುಂಡ


ಏಪ್ರಿಲ್ 16

ತಮ್ಮನಿಗೆ,

ತಂತಿ ತಲುಪಿದವು. ಕಟ್ಟಿದ್ದಾಯಿತು. ಮೂರನೆಯದು ಮೊದಲಿಗಿಂತ ಹೆಚ್ಚು ಏರುತ್ತಿದೆ. ಮೌತ್ ಆರ್ಗನ್ ವಿಷಯ ಗಿರಾಕಿಗೆ ತಿಳಿಸಿದೆ. ಅವರಿಗೆ ಬೇಡವಂತೆ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು.

ಅಕ್ಕ


ಏಪ್ರಿಲ್ 28

ಅಕ್ಕಾ,

ನೀನು ಇಷ್ಟು ಚಿಕ್ಕ ಕಾಗದ ಬರೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಓದಿ ಇವಳಿಗೆ ಕೊಟ್ಟೆ. ಇವಳು ಓದಿ, "ನಿಮ್ಮಕ್ಕನ ಕೈಲಿ ನೀವು ಉಗಿಸ್ಕೊಳ್ಳೋದು ಬಾಕಿ ಇದೆ" ಎಂದು ನಕ್ಕಳು. ಉಗಿದುಬಿಡು, ಈ ಮೌನ ನನಗೆ ತಡೆಯಲಾಗುವುದಿಲ್ಲ.

ಆ ಗಿರಾಕಿ ನೀನೇ ಎಂದು ನನಗೆ ನಿನ್ನ ಮಾರ್ಚ್ ಕೊನೆಯ ಕಾಗದದಲ್ಲೇ ಗೊತ್ತಾಯಿತು. ಗಿರಾಕಿಯ ಸ್ಟೂಲಿನ ಕಾಲು ಮುಟ್ಟುವ ಮೊದಲೂ ಹತ್ತು ಸಲ ಅಪ್ಪಣೆ ಕೇಳುವವರು ನಮ್ಮ ಭಾವ. ಬೇರೆಯವರ ಗಿಟಾರಿಗೆ ಅರ ಹಿಡಿದು ಹೊರಡುವ ಮನುಷ್ಯರೇ ಅವರು? ಯಾರದೋ ಮೂರನೇ ತಂತಿಗಾಗಿ ನೀನು ಹೆಬ್ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತೀಯಾ? ನಾಚಿಕೆ ಸ್ವಭಾವ ಎನ್ನುವ ಒಂದು ಮಾತು ಮಾತ್ರ ನನ್ನನ್ನು ಅಷ್ಟು ದಿನ ದಾರಿ ತಪ್ಪಿಸಿತು.

ಗೊತ್ತಾದ ಮೇಲೆ ಹೇಳಲಿಲ್ಲ, ಏಕೆಂದರೆ ನೀನೇ ಹೇಳಲಿ ಎಂದು ಕಾದೆ. ಗೊತ್ತಾಗಿದ್ದರಿಂದಲೇ ಆ ಕೂದಲೆಳೆ ತಂತಿ ಕಳಿಸಿದ್ದು. ಅಪ್ಪ ನಮ್ಮ ಹಳೇ ಗಿಟಾರನ್ನು ಮನೆಗೆ ತಂದ ಹೊಸತರಲ್ಲಿ ನೀನು ಬಿಡದೆ ನುಡಿಸಿ ಬೆರಳ ತುದಿ ಒಡೆದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಲೋಟದ ತಣ್ಣೀರಲ್ಲಿ ಬೆರಳದ್ದಿ ಕೂತಿದ್ದೆ. ಆಮೇಲೆ ನೀನು ಅತ್ತ ಹಾಗೆ ನಮ್ಮ ಮನೆಯಲ್ಲಿ ಯಾರೂ ಅತ್ತಿಲ್ಲ. ನನಗೆ ನಿನ್ನ ಕೈ ಎಂದರೆ ಇವತ್ತಿಗೂ ಆ ಲೋಟದಲ್ಲಿರುವ ಬೆರಳುಗಳೇ. ಮತ್ತೆ ಹಾಗಾಗಬಾರದು ಎಂದಷ್ಟೇ ನನ್ನ ಆಸೆ. ಮೌತ್ ಆರ್ಗನ್ ಎಂದದ್ದೂ ಅದಕ್ಕೇ, ತಮಾಷೆಗಲ್ಲ.

ಗುಂಡ


ಮೇ 3

ಗುಂಡ, ದಡ್ಡ ಶಿಖಾಮಣಿ,

ಕೂತ್ಕೊಂಡು ಓದು. ಉಗಿಯುವುದಕ್ಕೆ ಶುರುಮಾಡುತ್ತಿದ್ದೇನೆ.

ಆ ದಿನ ನಾನು ಅತ್ತದ್ದು ಬೆರಳಿಗಲ್ಲ ಕಣೋ, ಗಿಟಾರಿಗೆ.

ನೀನು ಅಷ್ಟು ಚೆನ್ನಾಗಿ ನೆನಪಿಟ್ಟಿದ್ದೀಯಲ್ಲ, ಸರಿಯಾಗಿ ನೆನಪು ಮಾಡಿಕೋ. ಬೆರಳು ಲೋಟದಲ್ಲಿದ್ದಾಗ ನಾನು ಅಳುತ್ತಿದ್ದೆನಾ? ಖುಷಿಯಾಗಿದ್ದೆ. ಹಲ್ಲು ಕಚ್ಚಿಕೊಂಡು, ಹಲವು ತಂತಿಗಳನ್ನು ಒಟ್ಟಿಗೇ ಒತ್ತುವ ಒಂದು ಕಷ್ಟದ ಕಾರ್ಡ್ ಹಿಡಿಯಲು ಕಲಿತಿದ್ದೆ, ಉರಿ ಇಳಿದ ಕೂಡಲೇ ಮತ್ತೆ ಹಿಡಿಯಬೇಕೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಅಪ್ಪ ಬಂದರು. ಲೋಟ ನೋಡಿದರು. "ಪಾಪ, ಮಗೂಗೆ ನೋವಾಗ್ತಿದೆ, ಇದು ಬೇಡ ಬಿಡು" ಎಂದು ಗಿಟಾರನ್ನು ಎತ್ತಿ ನಿನ್ನ ತೊಡೆಯ ಮೇಲಿಟ್ಟರು. ಅಳು ಬಂದದ್ದು ಆಗ. ಮನೆಮಂದಿಯೆಲ್ಲ ಬಂದು ನನ್ನ ಬೆರಳಿಗೆ ಊದಿದ್ದೇ ಊದಿದ್ದು! ಊದಿದಷ್ಟೂ ನನಗೆ ಅಳು ಹೆಚ್ಚಾಯಿತು.

ಅಪ್ಪನ ಮೇಲೂ ಸಿಟ್ಟಿಲ್ಲ, ನಿನ್ನ ಮೇಲೂ ಇಲ್ಲ. ಪ್ರೀತಿಯಿಂದಲೇ ಕಿತ್ತುಕೊಂಡರು. ಆದರೆ ನೀನು ಇಷ್ಟು ವರ್ಷದ ಮೇಲೆ ಮತ್ತೆ ಅದನ್ನೇ ಮಾಡುತ್ತಿದ್ದೀಯಲ್ಲ, ಅದೂ ಅಂಚೆಯ ಮೂಲಕ!

ನೀನು ಗಿಟಾರ್ ಮೇಷ್ಟರ ಹತ್ತಿರ ಕಲಿಯುವಾಗ ನಾನು ಪಕ್ಕದ ಕೋಣೆಯಲ್ಲಿ ಒಂದು ಮರದ ಪಟ್ಟಿಯನ್ನೇ ಗಿಟಾರ್ ಎಂದುಕೊಂಡು ಅದರ ಮೇಲೆ ಬೆರಳಿಟ್ಟು ಅದನ್ನೇ ಕಲಿಯುತ್ತಿದ್ದೆ. ಮದುವೆಯಾದ ಮೇಲೆ ನಿನ್ನ ಭಾವ ಒಂದು ಅಗ್ಗದ ಗಿಟಾರ್ ತಂದುಕೊಟ್ಟರು. ದಿನಾ ಊಟದ ಬಿಡುವಿನಲ್ಲಿ, ಅದರ ಕುತ್ತಿಗೆ ಕಳಚಿ ಬೀಳುವವರೆಗೂ ನುಡಿಸಿದೆ. ರೇಡಿಯೋದಲ್ಲಿ ಜಾಝ್ ಬಂದರೆ ಅದರ ಜೊತೆ ನುಡಿಸಿದೆ. ನಿನಗೆ ಹೇಳಲಿಲ್ಲ. ಮನೆಯ ಸಂಗೀತಗಾರ ನೀನು, ನಿನ್ನ ಮುಂದೆ ನಾನೂ ನುಡಿಸುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರ ಮಟ್ಟಿಗೆ ಗಿರಾಕಿಗೆ ನಾಚಿಕೆ ಇದ್ದದ್ದು ನಿಜ.

ಇನ್ನು ನನ್ನ ಬೆರಳಿನ ಸಮಾಚಾರ. ಇಷ್ಟು ವರ್ಷ ದಪ್ಪ ಬಟ್ಟೆಗೆ ದಬ್ಬಳ ಚುಚ್ಚಿ ಎಳೆದ ಬೆರಳಿವು. ಸೋಫಾದ ಸ್ಪ್ರಿಂಗನ್ನು ಒಂದೇ ಕೈಯಲ್ಲಿ ಅದುಮಿ ಹಿಡಿಯುತ್ತೇನೆ. ನಿನ್ನ ಕೂದಲೆಳೆ ತಂತಿ ನನ್ನ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು.

ಆ ಬ್ಯಾಂಡಿನವರು ಸದ್ದಿನ ಪೆಟ್ಟಿಗೆ ಬಳಸುವುದಿಲ್ಲ. ಬರೀ ಮರ, ತಂತಿ, ಹಿತ್ತಾಳೆ, ಉಸಿರು. ನನ್ನ ಕೆಲಸ ಕುಣಿಯುವವರ ಕಾಲ ಕೆಳಗೆ ತಾಳ ಹಾಸುವುದು. ಪಿಯಾನೋದವರು ಮೊದಲ ದಿನವೇ ಹೇಳಿದರು, "ನಮ್ಮಲ್ಲಿ ಗಿಟಾರ್ ಕೇಳಿಸ್ಲೇಬೇಕು ಅಂತಿಲ್ಲ ಕಣ್ರೀ, ಅದು ನಿಂತ್ರೆ ಮಾತ್ರ ಎಲ್ರಿಗೂ ಗೊತ್ತಾಗ್ಬೇಕು" ಎಂದು. ಈಗ ನಾನು ನುಡಿಸಿದರೂ ಗೊತ್ತಾಗುವುದಿಲ್ಲ, ನಿಲ್ಲಿಸಿದರೂ ಗೊತ್ತಾಗುವುದಿಲ್ಲ. ಆ ಮೂರನೇ ತಂತಿ ಕಿರುಚುವುದು ಮಾತ್ರ ಹಾಲಿಗೆಲ್ಲ ಗೊತ್ತಾಗುತ್ತದೆ.

ಆ ಜಾಗ ನನಗೆ ಬೇಕು ಗುಂಡ. ಬಹಳ ಬೇಕು. ಗಿಟಾರಿನವರು ಕೂರುವ ಕುರ್ಚಿಗೆ ಹೊದಿಕೆ ಹಾಕಿದವಳು ನಾನೇ, ಮತ್ತು ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಅಳತೆಗೇ ಹಾಕಿದ್ದೇನೆ. ನನ್ನ ಕಿವಿ ಕೆಟ್ಟಿದ್ದರೆ ಕೆಟ್ಟಿದೆ ಎಂದು ನೇರವಾಗಿ ಹೇಳು. ಬೆರಳಿಗೆ ಊದಬೇಡ.

ಜೊತೆಯಲ್ಲಿರುವ ಚೀಟಿ ನಿನ್ನ ಭಾವನ ಕೆಲಸ. ಅರ ಕಸಿದುಕೊಂಡ ಮೇಲೆ ಕೈ ಸುಮ್ಮನಿರಲಿಲ್ಲ. ತಂತಿ ಸಡಿಲಿಸಿ, ಕುದುರೆಯ ಬೆನ್ನಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆದಿದ್ದಾರೆ. ಯಾವ ಕುರ್ಚಿ ಬಂದರೂ ಅದರ ಕಾಲಿನ ಅಚ್ಚು ತೆಗೆದಿಡುವುದು ಅವರ ಅಭ್ಯಾಸ. ನಿನಗೆ ಉಪಯೋಗವಾದರೆ ಆಗಲಿ ಎಂದರು.

ಅಕ್ಕ (ಗಿರಾಕಿ)


ಮೇ 9

ಅಕ್ಕಾ,

ಭಾವನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದ ಕೂಡಲೇ ನಾನು ಕೂಗಿದ ಕೂಗಿಗೆ, ಪಿಟೀಲು ನೋಡುತ್ತಿದ್ದ ಗಿರಾಕಿಯೊಬ್ಬರು ಅದರ ಕಮಾನನ್ನು ಕೆಳಗೆ ಬೀಳಿಸಿದರು.

ನಿನ್ನ ಕಿವಿ ಚಿನ್ನದಂಥ ಕಿವಿ. ತಪ್ಪು ಪೂರ್ತಿ ತಂತಿಯದು, ಅಂದರೆ ನನ್ನದು. ಕುದುರೆಯ ಬೆನ್ನು ಒಂದೇ ಗೆರೆಯಲ್ಲಿರುವುದಿಲ್ಲ. ಒಂದೊಂದು ತಂತಿಗೂ ಚೂರು ಹಿಂದೆ, ಚೂರು ಮುಂದೆ ಎಂದು ಜಾಗ ಕೊರೆದಿರುತ್ತಾರೆ, ಮೆಟ್ಟಿಲುಗಳ ಮೇಲೆ ಸ್ವರ ಸರಿಯಾಗಿ ಬರಲಿ ಎಂದು. ಬೋಳು ತಂತಿಗೆ ಮೂರನೇ ಜಾಗ ಹಿಂದಕ್ಕಿರಬೇಕು, ಸುತ್ತು ಇರುವ ತಂತಿಗೆ ಮುಂದಕ್ಕೆ. ನಿನ್ನ ಕುದುರೆಯಲ್ಲಿ ಅದು ಮುಂದಕ್ಕಿದೆ. ಆ ಗಿಟಾರನ್ನು ಮಾಡಿದವನು ಮೂರನೆಯದಕ್ಕೂ ಸುತ್ತು ತಂತಿಯೇ ಎಂದು ನಂಬಿ ಮಾಡಿದ್ದಾನೆ. ನಾನು ಬೋಳು ತಂತಿ ಕಳಿಸಿದೆ, ಅದು ಸಾಲದೆಂದು ಅದಕ್ಕಿಂತ ತೆಳ್ಳನೆಯದನ್ನು ಕಳಿಸಿದೆ. ಅದು ಕಿರುಚದೆ ಇನ್ನೇನು ಮಾಡೀತು? ಅಂಗಡಿಗೆ ಬಂದ ಯಾರಿಗಾದರೂ ಹೀಗೆ ಕೊಟ್ಟಿದ್ದರೆ ನನ್ನನ್ನು ಗೋಡೆಗೆ ನೇತುಹಾಕುತ್ತಿದ್ದರು. ಅಕ್ಕನ ಬೆರಳು ಎಂದ ಕೂಡಲೇ ನನ್ನ ವಿದ್ಯೆಯೆಲ್ಲ ಆವಿಯಾಗಿ, ಲೋಟವೊಂದೇ ಕಣ್ಣ ಮುಂದೆ ಉಳಿಯಿತು.

ಇನ್ನು ಲೋಟದ ವಿಷಯ. ನೀನು ಹೇಳಿದ್ದು ಸರಿ. ಬೆರಳು ನೀರಿನಲ್ಲಿದ್ದಾಗ ನೀನು ಕಾಲು ಅಲ್ಲಾಡಿಸುತ್ತಾ ಏನೋ ಗುನುಗುತ್ತಿದ್ದೆ. ಈಗ ನೆನಪಾಯಿತು.

ಇನ್ನು ನಾನು ಆರಿಸುವುದಿಲ್ಲ, ನೀನು ಆರಿಸು. ನೀನೇ ಹಿಂದೆ ಹೇಳಿದ್ದೆಯಲ್ಲ, ಜನ ಬಟ್ಟೆಯ ಬಣ್ಣ ನೋಡಿ ಮೋಸ ಹೋಗುತ್ತಾರೆ, ಅದಕ್ಕೇ ಗಿರಾಕಿಗಳಿಗೆ ತುಂಡು ಕೊಟ್ಟು ಕಣ್ಣು ಮುಚ್ಚಿ ಮುಟ್ಟಿ ನೋಡಿ ಎನ್ನುತ್ತೇನೆ ಎಂದು? ಅದೇ ರೀತಿ ಮಾಡಿದ್ದೇನೆ. ತಂತಿ ಕಟ್ಟಿದ ಮೇಲೆ ಬಿರಡೆಯಾಚೆ ಕತ್ತರಿಸಿದ ತುದಿಗಳು ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಅದರಿಂದ ಬೇರೆ ಬೇರೆ ಬಗೆಯ ತುಂಡುಗಳನ್ನು ಆರಿಸಿ ರಟ್ಟಿಗೆ ಹೊಲಿದು ಕಳಿಸಿದ್ದೇನೆ. ಮೇಲಿನವು ದುಂಡು ಸುತ್ತಿನವು. ಸದ್ದು ಪ್ರಕಾಶವಾಗಿರುತ್ತದೆ, ಬೆರಳು ಜಾರಿಸಿದರೆ ಕೀಚಲು ಕೇಳಿಸುತ್ತದೆ. ಕೆಳಗಿನವಕ್ಕೆ ಚಪ್ಪಟೆ ಪಟ್ಟಿ ಸುತ್ತಿದೆ, ಮೈ ನುಣುಪು, ಸದ್ದು ಮರದ ಒಳಗಿಂದ ಬರುತ್ತದೆ. ಎಲ್ಲದರಲ್ಲೂ ತೆಳು ಇದೆ, ದಪ್ಪ ಇದೆ.

ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳುತ್ತಿದ್ದೇನೆ. ನಿನಗೆ ಯಾವ ಸದ್ದು ಬೇಕು?

ಗುಂಡ


ಮೇ 15

ಗುಂಡ,

ನಿನ್ನ ಹೊಲಿಗೆ ನೋಡಿ ಕಣ್ಣೀರು ಬಂತು. ಅಷ್ಟು ಕೆಟ್ಟ ಹೊಲಿಗೆ ನನ್ನ ಕಾರ್ಖಾನೆಯಲ್ಲಿ ಯಾರಾದರೂ ಹಾಕಿದ್ದರೆ ಬಿಚ್ಚಿಸುತ್ತಿದ್ದೆ. ಆ ರಟ್ಟನ್ನು ಮಾತ್ರ ಮೇಜಿನ ಮುಂದಿನ ಗೋಡೆಗೆ ಹೊಡೆದಿದ್ದೇನೆ.

ಕಿವಿ ಸರಿಯಾಗಿದೆ ಎಂದು ಓದಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಒಂದು ಸ್ಟೂಲಿಗೆ ಹೊದಿಕೆಯನ್ನು ತಿರುಗಾ ಮುರುಗಾ ಹಾಕಿ ಮುಗಿಸಿದ ಮೇಲೆ ಗೊತ್ತಾಯಿತು. ನಿನ್ನ ಭಾವ ತಮ್ಮ ಅಚ್ಚಿನ ಪ್ರತಾಪವನ್ನು ಬೀದಿಗೆಲ್ಲ ಹೇಳಿ ಬಂದಿದ್ದಾರೆ.

ಕಣ್ಣು ಮುಚ್ಚಿ ಎಲ್ಲ ತುಂಡುಗಳ ಮೇಲೂ ಉಗುರು ಎಳೆದೆ. ತೆಳ್ಳಗಿನವು ಬೆರಳ ಕೆಳಗೆ ಇಲ್ಲವೇ ಇಲ್ಲ, ಅವನ್ನು ಬಿಡು. ದುಂಡು ಸುತ್ತಿನವು ಕೇಳಲು ಖುಷಿಯಾಗಿವೆ, ಆದರೆ ಎಲ್ಲರೂ ಮಾತಾಡುವಾಗ ತಾನೂ ಮಾತಾಡಬೇಕು ಎನ್ನುವ ಸ್ವಭಾವ. ಅದಕ್ಕೆ ಮನೆಯಲ್ಲಿ ನಾನೊಬ್ಬಳು ಸಾಕು.

ನನಗೆ ಬೇಕಾದ ಸದ್ದು ಯಾವುದೆಂದು ಹೇಳುತ್ತೇನೆ. ಕುರ್ಚಿಯ ಚೌಕಟ್ಟಿಗೆ, ಕೂರುವ ಜಾಗದ ಅಡಿಯಲ್ಲಿ, ದಪ್ಪ ಬಟ್ಟೆಯ ಪಟ್ಟಿ ಬಿಗಿದ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟು ನೋಡುತ್ತೇನೆ. ಬಿಗಿ ಸರಿಯಾಗಿದ್ದರೆ ಧಪ್ ಎನ್ನುತ್ತದೆ. ಚಿಕ್ಕದಾಗಿ, ಒಣದಾಗಿ, ತುಂಬಿಕೊಂಡು. ಆ ಸದ್ದು ಬಂದರೆ ಅದರ ಮೇಲೆ ಯಾರು ಬೇಕಾದರೂ ಕೂರಬಹುದು ಎಂಬ ಧೈರ್ಯ ಬರುತ್ತದೆ. ಗಿಟಾರಿನಿಂದ ನನಗೆ ಆ ಧಪ್ ಬೇಕು. ಬ್ಯಾಂಡಿನ ತುತ್ತೂರಿಯವನು ಅದರ ಮೇಲೆ ಕೂತು ಎಷ್ಟು ಬೇಕಾದರೂ ಕುಣಿಯಲಿ, ಕೆಳಗೆ ಕುಸಿಯಬಾರದು.

ಚಪ್ಪಟೆ ಸುತ್ತು. ದಪ್ಪ. ಸಾಲಿನ ಕೊನೆಯಲ್ಲಿ ಹೊಲಿದಿದ್ದೀಯಲ್ಲ, ನಾನು ಕೇಳಲಾರೆ ಎಂದುಕೊಂಡು, ಅದು.

ಅಕ್ಕ


ಮೇ 19

ಅಕ್ಕಾ,

ಆ ತುಂಡನ್ನು ಹೊಲಿಯುವಾಗ ಇದನ್ನು ಸೇರಿಸುವುದೋ ಬೇಡವೋ ಎಂದು ಯೋಚಿಸಿದ್ದು ನಿಜ. ನಿನಗೆ ಹೇಗೆ ಗೊತ್ತಾಗುತ್ತದೋ.

ಅದೇ ತಂತಿ ಜೊತೆಯ ಪೊಟ್ಟಣದಲ್ಲಿದೆ. ಮೂರನೆಯದಕ್ಕೂ ಸುತ್ತು ಇದೆ, ನಾನೇ ಬಿಚ್ಚಿ ಬೆರಳಾಡಿಸಿ ನೋಡಿ ಮತ್ತೆ ಮಡಚಿಟ್ಟಿದ್ದೇನೆ. ಹಳೆಯ ತಂತಿಗಳನ್ನು ಒಟ್ಟಿಗೇ ಬಿಚ್ಚಬೇಡಿ. ಆ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿಯಲ್ಲಷ್ಟೇ ನಿಂತಿರುತ್ತದೆ. ಒಂದು ಬಿಚ್ಚಿ ಒಂದು ಕಟ್ಟಿದರೆ ಜಾಗ ಬಿಟ್ಟು ಕದಲುವುದಿಲ್ಲ. ಹೊಸ ತಂತಿ ಮೊದಲೆರಡು ದಿನ ಎಳೆದುಕೊಳ್ಳುತ್ತದೆ, ಶ್ರುತಿ ಇಳಿದರೆ ಕಿವಿಯನ್ನು ಬೈಯಬೇಡ.

ಬೇರೇನೂ ಬುದ್ಧಿ ಹೇಳುವುದಿಲ್ಲ. ಕೊನೇ ಶನಿವಾರ ಸಂಜೆ ನಾವಿಬ್ಬರೂ ಇಲ್ಲಿ ಅಂಗಡಿಯಲ್ಲೇ ಕೂತು ನಿನ್ನನ್ನೇ ನೆನೆಸಿಕೊಳ್ಳುತ್ತಿರುತ್ತೇವೆ. ಫೋನ್ ಮಾಡಬೇಡ. ಎಲ್ಲವನ್ನೂ ಬಿಡದೆ ಬರೆ.

ಗುಂಡ


ಜೂನ್ 1

ಗುಂಡ, ನನ್ನ ಗುಂಡಣ್ಣ,

ಜಾಗ ಸಿಕ್ಕಿತು. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವಿನದನ್ನೆಲ್ಲ ಹಾರಿಸಿ ಕೊನೆಗೆ ಓಡುತ್ತೀಯ. ಈಗ ಹಿಂದಕ್ಕೆ ಬಾ, ನಿಧಾನವಾಗಿ ಓದು.

ತಂತಿ ಕಟ್ಟಿದ ದಿನ ಮೊದಲು ಮೀಟಿದ್ದು ಮೂರನೆಯದನ್ನೇ. ಕೆಳಗಿನಿಂದ ಮೇಲಿನವರೆಗೂ ಒಂದೊಂದೇ ಮೆಟ್ಟಿಲು ಹತ್ತಿದೆ. ಎಲ್ಲೂ ತಲೆ ಎತ್ತಲಿಲ್ಲ, ಮನೆಯ ಮಗುವಿನ ಹಾಗೆ ಉಳಿದವರ ಜೊತೆ ಸೇರಿಕೊಂಡಿತು. ಆಮೇಲೆ ಆರೂ ತಂತಿಗಳ ಮೇಲೆ ಒಂದು ಕಾರ್ಡ್ ಹಿಡಿದು ಹೊಡೆದೆ. ಧಪ್. ಪಕ್ಕದ ಕೋಣೆಯಿಂದ ನಿನ್ನ ಭಾವ ಕೂಗಿದರು, ಯಾವ ಕುರ್ಚಿಯ ಪಟ್ಟಿ ಬಿಗಿದೆ ಎಂದು. ನಾನು ಗಿಟಾರ್ ಅಪ್ಪಿಕೊಂಡು ನಕ್ಕೆ.

ಶನಿವಾರ ಹಾಲಿನಲ್ಲಿ ಎಂದಿನಂತೆ ಜನ ಬಂದಿದ್ದರು, ಇದು ಪರೀಕ್ಷೆ ಎಂದು ಅವರಿಗೇನು ಗೊತ್ತು. ನನ್ನ ಕುರ್ಚಿಯಲ್ಲಿ ಕೂತೆ. ಕೈ ತಣ್ಣಗಾಗಿತ್ತು. ಮೊದಲ ಹಾಡಿಗೆ ಹೇಗೋ ದಡ ಸೇರಿದೆ. ಎರಡನೆಯದಕ್ಕೆ ಕೈ ಬಿಸಿಯಾಯಿತು. ಮೂರನೆಯದರಲ್ಲಿ ತುತ್ತೂರಿಯವನು ಎದ್ದು ನಿಂತು ಊದುತ್ತಿದ್ದ, ಜನ ಗಿರಗಿರನೆ ತಿರುಗುತ್ತಿದ್ದರು. ಆಗ ಪಿಯಾನೋದವರು ನನ್ನ ಕಡೆ ನೋಡಿ ಕೈ ಅಡ್ಡ ಆಡಿಸಿದರು, ನಿಲ್ಲಿಸಿ ಎಂದು.

ನಿಲ್ಲಿಸಿದೆ. ಮುಗಿಯಿತು ಎಂದುಕೊಂಡೆ. ಹಾಡಿನ ಮಧ್ಯದಲ್ಲಿ, ಅಷ್ಟು ಜನರ ಮುಂದೆ ನಿಲ್ಲಿಸುವಷ್ಟು ಕೆಟ್ಟದಾಗಿ ನುಡಿಸಿದೆನೇ? ತಲೆ ತಗ್ಗಿಸಿ ಗಿಟಾರಿನ ಮೇಲೆ ಅಂಗೈ ಇಟ್ಟು ಕೂತೆ. ಬ್ಯಾಂಡ್ ನಡೆದೇ ಇತ್ತು. ಆದರೆ ತುತ್ತೂರಿಯವನು, ಇನ್ನೊಂದು ಮೆಟ್ಟಿಲು ಇದೆ ಎಂದು ಕಾಲಿಟ್ಟವನ ಹಾಗೆ, ಒಂದು ಸ್ವರ ಎಡವಿ ಹಿಂದೆ ತಿರುಗಿ ನೋಡಿದ. ಕುಣಿಯುತ್ತಿದ್ದ ಒಂದು ಜೋಡಿ ಕಾಲು ತಪ್ಪಿ ನಿಂತಿತು. ಇನ್ನೊಂದು ಜೋಡಿ ಇತ್ತ ನೋಡಿತು. ಡ್ರಮ್ಮಿನವನು ನನ್ನ ಮುಖವನ್ನೇ ನೋಡುತ್ತಿದ್ದ, ಎಲ್ಲಿ ಹೋದ್ರಿ ಎನ್ನುವ ಹಾಗೆ.

ಪಿಯಾನೋದವರು ನನಗೆ ತಲೆ ಆಡಿಸಿದರು. ಮತ್ತೆ ಹಿಡಿದೆ. ಇಡೀ ಹಾಲು ಒಟ್ಟಿಗೇ ಕೂತು ನೆಮ್ಮದಿಯ ಉಸಿರು ಬಿಟ್ಟ ಹಾಗಾಯಿತು.

ಹಾಡು ಮುಗಿದ ಮೇಲೆ ಅವರು ಎದ್ದು ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ಅವತ್ತೇ ಹೇಳಿದ್ನಲ್ರೀ, ನಿಂತ್ರೆ ಎಲ್ರಿಗೂ ಗೊತ್ತಾಗ್ಬೇಕು ಅಂತ. ಗೊತ್ತಾಯ್ತು. ಮುಂದಿನ ಶನಿವಾರ ಸ್ವಲ್ಪ ಮುಂಚೆ ಬನ್ನಿ."

ನಿನ್ನ ಭಾವ ಬಾಗಿಲ ಬಳಿ ನಿಂತಿದ್ದರು. ಆ ಮನುಷ್ಯ ಕುಣಿದದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಒಬ್ಬರೇ, ಕೋಟು ಕೈಯಲ್ಲಿ ಹಿಡಿದು ಕುಣಿದರು.

ಬೆರಳು ನೋಡಿಕೊಂಡೆ. ತುದಿಯಲ್ಲಿ ತಂತಿಯ ಗೆರೆ ಬಿದ್ದಿದೆ. ಉರಿಯುವುದಿಲ್ಲ. ಉರಿದಿದ್ದರೂ ನಿನಗೆ ಹೇಳುತ್ತಿರಲಿಲ್ಲ ಬಿಡು.

ನಿನ್ನ ಅಕ್ಕ, ಬ್ಯಾಂಡಿನವಳು


ಜೂನ್ 10

ಅಕ್ಕಾ,

ನಿನ್ನ ಕಾಗದವನ್ನು ನಾನೊಮ್ಮೆ ಓದಿದೆ, ಇವಳೊಮ್ಮೆ ಓದಿದಳು, ಆಮೇಲೆ ಪಿಟೀಲಿನ ಆ ಗಿರಾಕಿ ಬಂದಾಗ ಅವರಿಗೂ ಓದಿ ಹೇಳಿದೆ. ಅವತ್ತು ಕಮಾನು ಬಿದ್ದದ್ದಕ್ಕೆ ಕಾರಣ ತಿಳಿಯುವ ಹಕ್ಕು ಅವರಿಗಿತ್ತು.

ಅವರು ಹೋದ ಮೇಲೆ ಅಂಗಡಿಯ ಬಾಗಿಲಿಗೆ "ಈಗ ಬಂದೆ" ಎನ್ನುವ ಹಲಗೆ ನೇತುಹಾಕಿ ನಮ್ಮ ಹಳೇ ಗಿಟಾರನ್ನು ಗೋಡೆಯಿಂದ ಇಳಿಸಿದೆ. ಈ ಸಲ ಕುದುರೆ ನೋಡಿಯೇ ತಂತಿ ತೆಗೆದೆ. ಇದರದೂ ಸುತ್ತು ತಂತಿಯ ಕುದುರೆಯೇ. ನಿನಗೆ ಕಳಿಸಿದ ತಂತಿಯನ್ನೇ ಕಟ್ಟಿದೆ, ಅಕ್ಕನ ಕೈಗೆ ಆದದ್ದು ನನಗೇಕೆ ಆಗಬಾರದು ಎಂಬ ಜಂಬದಲ್ಲಿ. ಕೂತು ನುಡಿಸಿದೆ ನೋಡು. ಎಷ್ಟೋ ವರ್ಷದಿಂದ ನುಡಿಸದೆ ಇದ್ದದ್ದೆಲ್ಲ ಒಟ್ಟಿಗೆ ಬಂತು. ಬಾಗಿಲು ಬಡಿದವರಿಗೆಲ್ಲ ನಾಳೆ ಬನ್ನಿ ಎಂದೆ. ನಿಲ್ಲಿಸುವ ಹೊತ್ತಿಗೆ ನನ್ನ ಬೆರಳ ತುದಿಯಲ್ಲಿ ಸಾಲಾಗಿ ಬೊಬ್ಬೆ ಎದ್ದಿದ್ದವು. ತಂತಿ ಮಾರುವವನ ಬೆರಳು ಹೂವಿನ ಹಾಗೆ ಮೆತ್ತಗಾಗಿದೆ ಎಂದು ಯಾರಿಗೆ ಹೇಳಲಿ!

ಮನೆಗೆ ಬಂದು ಲೋಟದ ತಣ್ಣೀರಿನಲ್ಲಿ ಬೆರಳದ್ದಿ ಕೂತಿದ್ದೆ. ಇವಳು ನೋಡಿ, "ಯಾಕ್ರೀ ಕಣ್ಣಲ್ಲಿ ನೀರು?" ಎಂದಳು. ನಾನು ಪ್ರಾಮಾಣಿಕವಾಗಿ ಹೇಳಿದೆ, ನಮ್ಮಕ್ಕನ ಹಾಗಲ್ಲ, ನನ್ನದು ನಿಜವಾಗಿಯೂ ಬೆರಳೇ ಎಂದು.

ಮುಂದಿನ ಶನಿವಾರ ನಾವಿಬ್ಬರೂ ಬರುತ್ತಿದ್ದೇವೆ. ಹಾಲಿನಲ್ಲಿ ನಮಗೆ ಮುಂದಿನ ಸಾಲಿನ ಕುರ್ಚಿ ಹಿಡಿದಿಡು, ನೀನು ಹೊದಿಸಿದ್ದೇ ಆಗಬೇಕು. ಹಳೇ ಗಿಟಾರ್ ಜೊತೆಯಲ್ಲಿ ಬರುತ್ತದೆ, ವಾಪಸ್ಸು ಬರುವುದಿಲ್ಲ. ಬ್ಯಾಂಡಿನದು ಶನಿವಾರಕ್ಕೆ, ಇದು ನಿನ್ನ ಊಟದ ಬಿಡುವಿಗೆ. ಬೇಡ ಎನ್ನಬೇಡ, ಕೇಳಿಸಿಕೊಳ್ಳುವುದಿಲ್ಲ.

ಅಪ್ಪ ನನ್ನ ತೊಡೆಯ ಮೇಲಿಟ್ಟದ್ದನ್ನು ನಾನು ನಿನ್ನ ತೊಡೆಯ ಮೇಲಿಡುತ್ತೇನೆ. ಅಳು ಬಂದರೆ ಧಾರಾಳವಾಗಿ ಅಳು. ಯಾರೂ ಬೆರಳಿಗೆ ಊದುವುದಿಲ್ಲ.

ನಿನ್ನ ಗುಂಡ